ಗಡಿಯಲ್ಲಿ ಕಂಡದ್ದನ್ನು ಯೋಧ ಮನೆಯಲ್ಲಿ ಹೇಳಬೇಕೇ?

ಪರ: ಹೇಳಿಬಿಡುವುದೇ ಒಳ್ಳೆಯದು

ರಜೆಯಲ್ಲಿ ಬಂದ ಮಿಲಿಟ್ರಿಯವರಿಗೆ ನಮ್ಮ ಉಡುಪಿ ಕಡೆ ಎರಡೇ ಪ್ರಶ್ನೆ. ಕ್ಯಾಂಟೀನಿನ ರಮ್ ತಂದಿದ್ದೀರಾ? ವಾಪಸ್ ಯಾವಾಗ? ಮೂರನೆಯದನ್ನು ಮನೆಯವರೂ ಕೇಳುವುದಿಲ್ಲ.

ಜಾತ್ರೆಯ ರಾತ್ರಿ ಕದಿನ, ಅಂದರೆ ಭಾರೀ ಸದ್ದಿನ ಸಿಡಿಮದ್ದು, ಸಿಡಿಯುತ್ತದೆ. ಮಕ್ಕಳೆಲ್ಲ ಕೇಕೆ ಹಾಕುತ್ತಾರೆ. ಶೆಲ್ ದಾಳಿ ಕಂಡು ಬಂದವನು ಮಾತ್ರ ತನ್ನ ಮಗುವನ್ನು ಎಳೆದುಕೊಂಡು ಗೋಡೆಗೆ ಒರಗಿಬಿಡುತ್ತಾನೆ. ಮೈಯೆಲ್ಲ ಬೆವರು. ಹೆಂಡತಿಗೆ ವಿಷಯ ಗೊತ್ತಿದ್ದರೆ ಸುಮ್ನೆ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಗೊತ್ತಿಲ್ಲದಿದ್ದರೆ? 'ನಾಲ್ಕು ಜನರ ಎದುರು ಇದೆಂಥದು' ಎಂಬ ಸಿಡುಕು. ಆಮೇಲೆ ಜಗಳ, ಕುಡಿತ.

ಮೊದಲ ಮಹಾಯುದ್ಧದಲ್ಲಿ ಇದನ್ನು ಶೆಲ್ ಶಾಕ್ ಎಂದರು. ಎಷ್ಟೋ ಮಂದಿಗೆ ಹೇಡಿ ಎಂಬ ಹೆಸರೂ ಬಂತು. 1980ರಲ್ಲಿ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ, ಎಂದು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ನಿದ್ದೆ ಬಾರದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಮುಂಗೋಪ. ಇವನ್ನೆಲ್ಲ ಡಾಕ್ಟರಿಗಿಂತ ಮೊದಲು ನೋಡುವವರು ಮನೆಯವರೇ.

ಭಯಪಡಿಸಬಾರದು ಎಂದು ಮುಚ್ಚಿಟ್ಟರೂ ಈಗ ನಡೆಯುವುದಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ '56 ಎಪಿಒ' ಎಂಬ ಸೇನೆಯ ಅಂಚೆ ವಿಳಾಸಕ್ಕೆ ಕಾಗದ ಹಾಕಿ ಉತ್ತರಕ್ಕೆ ಕಾಯಬೇಕಿತ್ತು. 2025ರ ಮೇಯಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ವಿಡಿಯೊ ಗೇಮಿನ ದೃಶ್ಯಗಳನ್ನೂ ಯುದ್ಧ ಎಂದು ಮೊಬೈಲಿನಲ್ಲಿ ಹಂಚಿದರು. ಮಗ ಬಾಯಿ ಬಿಡದಿದ್ದರೆ ಅಮ್ಮ ಅದನ್ನೇ ನಂಬುತ್ತಾಳೆ, ಅಲ್ವಾ?

ವಿರೋಧ: ಬಾಯಿ ಬಿಡಿಸುವ ಹಟ ಬೇಡ

ಎಲ್ಲಿದ್ದೇನೆ, ಏನು ನಡೆಯುತ್ತಿದೆ ಎಂಬುದನ್ನು ಹೇಳಲು ಸೇನೆಯೇ ಬಿಡುವುದಿಲ್ಲ. ಅದಿರಲಿ, ಮನಸ್ಸಿನ ಮಾತಿಗೆ ಬರೋಣ.

ಹೇಳಿಕೊಂಡರೆ ಹಗುರ ಎಂಬುದು ಅರ್ಧ ನಿಜ. ಘಟನೆ ಆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸಿದರೆ ಪಿಟಿಎಸ್‌ಡಿ ತಪ್ಪುವುದಿಲ್ಲ ಎಂದು ಅಧ್ಯಯನಗಳೇ ತೋರಿಸಿವೆ. ತರಬೇತಿ ಪಡೆದವರ ಎದುರು, ಹಲವು ಸಲ ಕೂತು, ನಿಧಾನಕ್ಕೆ ಹೇಳುವುದು ಬೇರೆ. ಮೀನು ಕೊಯ್ಯುತ್ತಾ ಕೂತ ಅಮ್ಮನಿಗೆ ಹೇಳುವುದು ಬೇರೆ. ಅವನೇನೋ ರಜೆ ಮುಗಿಸಿ ಮಂಗಳೂರಿನಲ್ಲಿ ರೈಲು ಹತ್ತುತ್ತಾನೆ. ಹೇಳಿದ ಮಾತು ಮನೆಯಲ್ಲೇ ಉಳಿಯುತ್ತದೆ. ಅಮ್ಮ ಕಟೀಲಿಗೆ ಹರಕೆ ಹೊರುತ್ತಾಳೆ. ರಾತ್ರಿ ಫೋನ್ ರಿಂಗಾದರೆ ಎತ್ತುವುದಕ್ಕೂ ಹೆದರುತ್ತಾಳೆ.

ಅವನಿಗೂ ಯುದ್ಧವಿಲ್ಲದ ಜಾಗ ಒಂದು ಬೇಡವೇ? ಫೋನಿನಲ್ಲಿ ಅವನು ಕೇಳುವುದೇ ಬೂತಾಯಿ ಮೀನಿಗೆ ಎಷ್ಟು, ಅಡಿಕೆಗೆ ಕೊಳೆರೋಗ ಬಂತಾ ಎಂದು. ಬೇಕೆಂದೇ ಕೇಳುತ್ತಾನೆ. ಇದನ್ನು ಮುಚ್ಚಿಡುವುದು ಎಂದರೆ ನಾನಂತೂ ಒಪ್ಪುವುದಿಲ್ಲ. ಎದೆಯೊಳಗಿನದನ್ನು ಜೊತೆಗಿದ್ದ ಜವಾನರ ಹತ್ತಿರ ಹೇಳಿಕೊಂಡಿರಬಹುದು. ಅವರಿಗೆ ವಿವರಿಸುವ ಕಷ್ಟವೂ ಇಲ್ಲ.

ಕಾಯಿಲೆಯ ಲಕ್ಷಣ ಕಂಡರೆ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಸೇನೆಯವರಿಗೆಂದೇ 2023ರಲ್ಲಿ ಪುಣೆಯಲ್ಲಿ ಅದರ ಪ್ರತ್ಯೇಕ ವಿಭಾಗ ಶುರುವಾಗಿದೆ. ಹೆಂಡತಿಯೂ ಕರೆ ಮಾಡಬಹುದು, ಗಂಡ ಗಡಿಯ ಒಂದು ಮಾತನ್ನೂ ಹೇಳದಿದ್ದರೂ.