ಕಾನ್‌ಕಿ ಸತ್ತಾಗ ಅಳು ಬಂತು, ಆದರೆ ಅವನನ್ನು ಕ್ಷಮಿಸಲು ಆಗಲಿಲ್ಲ

'ಕಿಂಗ್‌ಡಮ್' ಅನ್ನುವ ಮಾಂಗಾ (ಜಪಾನೀ ಚಿತ್ರಕಥೆ) ಓದುತ್ತಿದ್ದು, ಕಾನ್‌ಕಿ ಸಾಯುವ ಹಿ ಯುದ್ಧದ ತನಕ ಇನ್ನೂ ಬಂದಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮುಂದೆ ಕಥೆಯನ್ನೆಲ್ಲ ಬಿಚ್ಚಿ ಹೇಳಿದ್ದೇನೆ.

ಹೋದ ವಾರ ತಂಗಿಯ ಮಗ ವಾಟ್ಸಾಪ್ ಡಿಪಿ ಬದಲಾಯಿಸಿದ. ಆ ಕಥೆಯ ಸೇನಾಪತಿ ಕಾನ್‌ಕಿಯ ಮುಖ. ಸ್ಟೇಟಸ್ಸಿನಲ್ಲಿ ಒಂದು ಮುರಿದ ಹೃದಯ. ಏನಾಯ್ತೋ ಅಂತ ಫೋನ್ ಮಾಡಿದೆ. "ಮಾಮಾ, ಅವನು ಸತ್ತೋದ" ಅಂದ. ಗಂಟಲು ಕಟ್ಟಿತ್ತು. ಹದಿನೇಳು ವರ್ಷದ ಹುಡುಗ. ಅವನಿಗೆ ಈ ಮಾಂಗಾದ ರುಚಿ ಹತ್ತಿಸಿದ್ದು ನಾನೇ. ಆ ಅಧ್ಯಾಯ ಓದಿದ ದಿನ ನಾನೂ ಅತ್ತಿದ್ದೆ. ಹಾಗಾಗಿ ಇಬ್ಬರೂ ಸ್ವಲ್ಪ ಹೊತ್ತು ಅವನ ಬಗ್ಗೆಯೇ ಮಾತಾಡಿದೆವು. ಫೋನ್ ಇಡುವ ಮುಂಚೆ ಹುಡುಗ ಒಂದು ಮಾತು ಕೇಳಿದ. "ಅವನ ಹಳೇ ಕಥೆ ಗೊತ್ತಾದ್ಮೇಲೆ ಅವನು ಮಾಡಿದ್ದೆಲ್ಲ ಸರಿ ಅನ್ಸುತ್ತೆ ಅಲ್ವಾ ಮಾಮಾ?"

ಆ ಕ್ಷಣಕ್ಕೆ ಏನು ಹೇಳಬೇಕೋ ತೋಚಲಿಲ್ಲ. ನಾಲ್ಕು ದಿನದಿಂದ ಅದೇ ತಲೆಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಓದದವರಿಗೆ ಸ್ವಲ್ಪ ಹಿನ್ನೆಲೆ. ಯಾಸುಹಿಸಾ ಹಾರಾ ಈ ಕಥೆಯನ್ನು 2006ರಿಂದ ಜಪಾನಿನ 'ವೀಕ್ಲಿ ಯಂಗ್ ಜಂಪ್' ಪತ್ರಿಕೆಯಲ್ಲಿ ಬರೆಯುತ್ತಾ ಬಂದಿದ್ದಾರೆ. 2013ರಲ್ಲಿ ಇದಕ್ಕೆ ತೆಜುಕಾ ಒಸಾಮು ಪ್ರಶಸ್ತಿ ಬಂತು. ಕಥೆ ನಡೆಯುವುದು ಕ್ರಿ.ಪೂ. 3ನೇ ಶತಮಾನದ ಚೀನಾದಲ್ಲಿ. ಏಳು ರಾಜ್ಯಗಳು ಒಂದರ ಮೇಲೊಂದು ಬೀಳುತ್ತಿದ್ದ ಕಾಲ. ಚಿನ್ ರಾಜ್ಯದ ಚಿಕ್ಕ ವಯಸ್ಸಿನ ರಾಜ ಏಳನ್ನೂ ಒಂದು ಮಾಡಲು ಹೊರಡುತ್ತಾನೆ. ಕ್ರಿ.ಪೂ. 221ರಲ್ಲಿ ಅದನ್ನು ಮಾಡಿಯೇ ತೀರಿ ಚೀನಾದ ಮೊದಲ ಚಕ್ರವರ್ತಿ ಆದವನು ಅವನೇ. ಮಾಂಗಾದಲ್ಲಿ ಹೆಸರುಗಳೆಲ್ಲ ಜಪಾನೀ ಉಚ್ಚಾರಣೆಯಲ್ಲಿವೆ. ರಾಜ ಯಿಂಗ್ ಝೆಂಗ್ ಇಲ್ಲಿ ಏಸೇ. ಝಾವ್ ರಾಜ್ಯದ ಮಹಾ ಸೇನಾಪತಿ ಲಿ ಮು ಇಲ್ಲಿ ರಿಬೊಕು. ಚಿನ್ ಸೇನಾಪತಿ ಹುವಾನ್ ಯಿ ಅನ್ನುವವನೇ ನಮ್ಮ ಕಾನ್‌ಕಿ. ಕಥಾನಾಯಕ ಶಿನ್. ಯುದ್ಧದಲ್ಲಿ ಅನಾಥನಾಗಿ, ಆಳಾಗಿ ಬೆಳೆದ ಹುಡುಗ. ದೊಡ್ಡ ಸೇನಾಪತಿ ಆಗಬೇಕು ಅಂತ ಅವನ ಕನಸು.

ಕಾನ್‌ಕಿ ಮೊದಲು ದರೋಡೆಕೋರ. 'ತಲೆ ಕಡಿಯುವ ಕಾನ್‌ಕಿ' ಅಂತಲೇ ಅವನಿಗೆ ಹೆಸರು. ಯುದ್ಧಶಾಸ್ತ್ರ ಓದಿದವನಲ್ಲ, ದೊಡ್ಡ ಮನೆತನದವನೂ ಅಲ್ಲ. ಆದರೆ ಎದುರಾಳಿಯ ಮನಸ್ಸಿನಲ್ಲಿ ಎಲ್ಲಿ ಮೆತ್ತಗಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಎಲ್ಲರೂ ಎದುರಿನಿಂದ ನುಗ್ಗುತ್ತಿದ್ದರೆ ಇವನು ವೈರಿಯ ವೇಷದಲ್ಲೇ ಹಿಂದಿನಿಂದ ಬಂದು ಸೇನಾಪತಿಯ ಡೇರೆಯೊಳಗೆ ನಿಂತಿರುತ್ತಾನೆ. ಸೋಲು ಕಣ್ಣೆದುರಿಗಿದ್ದಾಗಲೂ ಕಾಲು ಮೇಲೆ ಕಾಲು ಹಾಕಿಕೊಂಡು ನಗುತ್ತಾನೆ. ಅವನು ಪುಟದಲ್ಲಿ ಕಂಡರೆ ಸಾಕು, ಏನೋ ಆಗುತ್ತೆ ಅಂತ ನಾವು ನೆಟ್ಟಗೆ ಕೂರುತ್ತೇವೆ. ಇದು ಸುಳ್ಳಲ್ಲ. ನನಗೂ ಹಾಗೇ ಆಗುತ್ತಿತ್ತು.

ಅವನನ್ನು ನಾನು ನಿಜವಾಗಿ ಇಷ್ಟಪಟ್ಟಿದ್ದು ಕಾಂಕೊಕು ಕೋಟೆಯ ಯುದ್ಧದಲ್ಲಿ. ಚೋತೋ ಅಂತ ಒಬ್ಬ ಮುದುಕ ಸೇನಾಪತಿ. ಕಳ್ಳರನ್ನು ಕಂಡರಾಗದ, ಹಳೇ ಕಾಲದ ಮಾನವಂತ. ವೈರಿಯ ವಿಷ ಮೈಗೆ ಹತ್ತಿ ಸಾಯುತ್ತಿದ್ದಾನೆ. ಸಾಯುವ ಮುಂಚೆ ಆ ವಿಷ ಹಾಕಿದವನನ್ನು ತಾನೇ ಕಡಿದು ಹಾಕುತ್ತಾನೆ. ಕೊನೆಯ ಗಳಿಗೆಯಲ್ಲಿ ಅವನ ಪಕ್ಕದಲ್ಲಿರುವವನು ಅದೇ ಕಳ್ಳ ಕಾನ್‌ಕಿ. ನೀನು ಚಿನ್ ರಾಜ್ಯದ ದೊಡ್ಡ ಸೇನಾಪತಿ ಆಗು ಅಂತ ಮುದುಕ ಹೇಳುತ್ತಾನೆ. ಯಾರ ಮಾತಿಗೂ ನಗುವ ಕಾನ್‌ಕಿ ಆ ಮಾತಿಗೆ ನಗುವುದಿಲ್ಲ. ಆ ಒಂದು ಪುಟಕ್ಕಾಗಿ ನಾನು ಅವನ ಮೇಲೆ ಬಹಳ ವರ್ಷ ಭರವಸೆ ಇಟ್ಟುಕೊಂಡಿದ್ದೆ.

ಆಮೇಲೆ ಕೊಕುಯೋ ಬೆಟ್ಟ ಬಂತು.

ಅಲ್ಲಿ ಕಾನ್‌ಕಿ ಗೆದ್ದಿದ್ದು ಹೇಗೆ ಅಂತ ನೆನಪಿದೆಯಾ? ಎದುರಿಗಿದ್ದ ಝಾವ್ ಸೇನಾಪತಿ ಕಿಸುಯಿ ತನ್ನ ಊರಿನವರ ಮೇಲೆ ಜೀವ ಇಟ್ಟುಕೊಂಡವನು. ಅದನ್ನು ತಿಳಿದುಕೊಂಡ ಕಾನ್‌ಕಿ ಸುತ್ತಮುತ್ತಲ ಹಳ್ಳಿಗಳ ಜನರನ್ನು ಕೊಲ್ಲಿಸಿದ. ಆ ಹೆಣಗಳನ್ನು ಹೆಣೆದು ಒಂದು ಕಮಾನು ಕಟ್ಟಿಸಿ ವೈರಿಗೆ ಕಾಣುವ ಹಾಗೆ ನಿಲ್ಲಿಸಿದ. ಮುಂದಿನ ಸರದಿ ನಿನ್ನ ಊರಿನದು ಅಂತ ಅದರ ಅರ್ಥ. ಕಿಸುಯಿ ಬೆಟ್ಟ ಬಿಟ್ಟು ಊರು ಉಳಿಸಿಕೊಳ್ಳಲು ಓಡಿದ. ಕತ್ತಿ ಎತ್ತದೇ ಬೆಟ್ಟ ಸಿಕ್ಕಿತು.

ಯುದ್ಧದ ಲೆಕ್ಕದಲ್ಲಿ ಅದು ಜಾಣತನವೇ ಇರಬಹುದು. ಆದರೆ ಹಾರಾ ಅದನ್ನು ಬರೀ ಜಾಣತನ ಅಂತ ತೋರಿಸಿ ಮುಗಿಸಲಿಲ್ಲ. ಅದೇ ಯುದ್ಧದ ಕೊನೆಗೆ ಶಿನ್‌ನ ಪಡೆಯ ಬಿಹೇಯ ಪ್ರಸಂಗ ಇಟ್ಟರು. ಬಿಹೇ ಶಿನ್‌ನ ಊರಿನವನೇ, ಮೊದಲ ದಿನದಿಂದ ಜೊತೆಗಿದ್ದವನು. ಕಾನ್‌ಕಿಯ ಸೈನಿಕರು ಲೂಟಿ ಮಾಡಿದ್ದರಲ್ಲಿ ಒಂದು ಒಡವೆ ಅವನ ಕೈಗೆ ಬಂದಿರುತ್ತೆ. ಒಂದೇ ಒಂದು ಒಡವೆ. ಅವನೇನೂ ಯಾರನ್ನೂ ಕೊಂದಿಲ್ಲ. ಆದರೂ ಶಿನ್ ಅವನನ್ನು ಪಡೆಯಿಂದ ಹೊರಗೆ ಹಾಕುತ್ತಾನೆ. ಆಮೇಲೆ ಅದೇ ಕಾನ್‌ಕಿಯ ಸೈನಿಕರು ಶಿನ್‌ನನ್ನು ಗೇಲಿ ಮಾಡಿದಾಗ ಬಿಹೇ ಒಬ್ಬನೇ ಅವರ ಮೇಲೆ ಬಿದ್ದು ಮೈಯೆಲ್ಲ ಹಣ್ಣಾಗುವ ಹಾಗೆ ಹೊಡೆಸಿಕೊಳ್ಳುತ್ತಾನೆ. ಶಿನ್ ಅವನನ್ನು ಮತ್ತೆ ಕರೆದುಕೊಳ್ಳುತ್ತಾನೆ.

ಇಡೀ ಮಾಂಗಾದಲ್ಲಿ ನನಗೆ ಅತಿ ಮುಖ್ಯ ಅನಿಸುವ ಪುಟಗಳಲ್ಲಿ ಇವೂ ಸೇರಿವೆ. ಒಂದು ಪುಟದಲ್ಲಿ ಹೆಣಗಳ ಕಮಾನು, ಸ್ವಲ್ಪ ಮುಂದೆ ಒಂದು ಒಡವೆ. ಆ ಒಡವೆಯನ್ನೂ ಬಿಡಬಾರದು ಅಂತ ಹಟ ಹಿಡಿಯುವ ಒಬ್ಬ ಹುಡುಗ. ಕಮಾನು ಕಟ್ಟುವ ತನಕ ಹೋಗುವ ದಾರಿ ಒಡವೆಯಿಂದಲೇ ಶುರುವಾಗುತ್ತೆ ಅಂತ ಶಿನ್‌ಗೆ ಗೊತ್ತಿತ್ತು.

ಕೊನೆಗೆ ಹೇಯೋ ಅನ್ನುವ ಜಾಗದ ಯುದ್ಧ. ಚೀನೀ ಹೆಸರು ಪಿಂಗ್‌ಯಾಂಗ್. ಕಾನ್‌ಕಿಯ ಬಲಗೈಯಂತಿದ್ದ ರಾಯ್ದೋ ವೈರಿಯ ಕೈಗೆ ಸಿಕ್ಕಿಬೀಳುತ್ತಾನೆ. ಎಷ್ಟು ಹಿಂಸೆ ಕೊಟ್ಟರೂ ಬಾಯಿ ಬಿಡದೇ ಸಾಯುತ್ತಾನೆ. ಕಾನ್‌ಕಿ ಯುದ್ಧ ಗೆಲ್ಲುತ್ತಾನೆ. ಗೆದ್ದ ಮೇಲೆ, ಆಯುಧ ಕೆಳಗಿಟ್ಟು ಶರಣಾಗಿದ್ದ ಒಂದು ಲಕ್ಷ ಜನರ ತಲೆ ಕಡಿಸುತ್ತಾನೆ. ವಿಷಯ ತಿಳಿದು ರಾಜ ಏಸೇ ತಾನೇ ಯುದ್ಧಭೂಮಿಗೆ ಬರುತ್ತಾನೆ.

ಈ ಸಂಖ್ಯೆ ಹಾರಾ ಕಟ್ಟಿದ್ದಲ್ಲ. ಸಿಮಾ ಚಿಯಾನ್ ಬರೆದ 'ಶಿಜಿ' ಅನ್ನುವ ಹಳೇ ಇತಿಹಾಸದಲ್ಲಿ ಕ್ರಿ.ಪೂ. 234ರ ಬಗ್ಗೆ ಒಂದೇ ಒಂದು ಸಾಲು ಇದೆ. ಹುವಾನ್ ಯಿ ಪಿಂಗ್‌ಯಾಂಗ್ ಮೇಲೆ ದಾಳಿ ಮಾಡಿದ, ಝಾವ್ ಸೇನಾಪತಿಯನ್ನು ಕೊಂದ, ಒಂದು ಲಕ್ಷ ತಲೆ ಕಡಿದ. ಅಷ್ಟೇ. ಶರಣಾದವರು ಅಂತ ಅಲ್ಲಿ ಇಲ್ಲ, ಅದನ್ನು ಸೇರಿಸಿದ್ದು ಹಾರಾ. ತಲೆಯ ಲೆಕ್ಕ ಯಾಕೆ ಬರೆದಿಟ್ಟರು ಅಂದರೆ ಚಿನ್ ರಾಜ್ಯ ನಡೆಯುತ್ತಿದ್ದುದೇ ಹಾಗೆ. ಶಾಂಗ್ ಯಾಂಗ್ ಅನ್ನುವ ಮಂತ್ರಿ ನೂರು ವರ್ಷಕ್ಕೂ ಹಿಂದೆಯೇ ಅಲ್ಲಿ ಒಂದು ಪದ್ಧತಿ ತಂದಿದ್ದ. ಸೈನಿಕ ವೈರಿಯ ತಲೆ ತಂದರೆ ದರ್ಜೆ ಏರುತ್ತೆ, ಹೊಲ ಸಿಗುತ್ತೆ. ನಾವು ಸಂತೆಯಲ್ಲಿ ತೆಂಗಿನಕಾಯಿ ಎಣಿಸುವ ಹಾಗೆ ಅಲ್ಲಿ ತಲೆ ಎಣಿಸುತ್ತಿದ್ದರು. ಆ ಒಂದು ಲಕ್ಷದಲ್ಲಿ ಇತಿಹಾಸಕ್ಕೆ ಹೆಸರು ಸಿಕ್ಕಿದ್ದು ಒಬ್ಬರದೇ, ಸೇನಾಪತಿಯದು. ಉಳಿದವರು ಬರೀ ಲೆಕ್ಕ.

ಈಗ ಅವನ ಹಳೇ ಕಥೆಗೆ ಬರ್ತೀನಿ. ನಮ್ಮ ಹುಡುಗ ಹೇಳಿದ್ದು ಇದರ ಬಗ್ಗೆಯೇ.

ಸಾಯುವ ಹೊತ್ತು ಹತ್ತಿರ ಬಂದಾಗ ಹಾರಾ ನಮಗೆ ಕಾನ್‌ಕಿಯ ಬಾಲ್ಯ ತೋರಿಸುತ್ತಾರೆ. ಯಾರಿಗೂ ಬೇಡವಾಗಿ ಬೀದಿಗೆ ಬಿದ್ದ ಮಕ್ಕಳು. ಸಮಾಜದ ತೀರಾ ತಳದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಬದುಕಿದವರು. ಕಾನ್‌ಕಿಯ ಸಿಟ್ಟು ಬರೀ ರಾಜರ ಮೇಲಲ್ಲ, ದೊಡ್ಡವರ ಮೇಲಲ್ಲ. ನಡುವೆ ಇರುವವರ ಮೇಲೆ. ಅಂದರೆ ತಳದಲ್ಲಿರುವವರು ಸಾಯುತ್ತಿದ್ದರೂ ನೋಡಿಯೂ ನೋಡದ ಹಾಗೆ ತಮ್ಮ ಪಾಡಿಗೆ ಬದುಕುವ ಸಾಮಾನ್ಯ ಜನರ ಮೇಲೆ.

ಇದನ್ನು ಓದಿದಾಗ ನಾನು ಫೋನ್ ಪಕ್ಕಕ್ಕಿಟ್ಟು ಎದ್ದು ಹೋದೆ. ಯಾಕಂದರೆ ಆ ನಡುವಿನವನು ನಾನೇ. ಸಿಗ್ನಲ್‌ನಲ್ಲಿ ಮಗುವನ್ನು ಎತ್ತಿಕೊಂಡು ಬಂದ ಹುಡುಗಿ ಕಾರಿನ ಗಾಜು ತಟ್ಟಿದಾಗ ಎದುರಿನ ಕೆಂಪು ದೀಪವನ್ನೇ ನೋಡುತ್ತಾ ಕೂತವನು ನಾನು. ಒಂದು ಸಲ ಅಲ್ಲ, ಎಷ್ಟೋ ಸಲ. ಕಾನ್‌ಕಿಯ ಸಿಟ್ಟು ಸುಳ್ಳು ಅಂತ ನಾನು ಯಾವತ್ತೂ ಹೇಳಲಾರೆ. ಆ ಸಿಟ್ಟಿನಲ್ಲಿ ನ್ಯಾಯ ಇದೆ.

ಆದರೆ ಆ ಸಿಟ್ಟು ಹೋಗಿ ಬಿದ್ದಿದ್ದು ಯಾರ ಮೇಲೆ? ಕೊಕುಯೋ ಬೆಟ್ಟದ ಬುಡದಲ್ಲಿದ್ದವರು ಹೊಲ ಉಳುತ್ತಿದ್ದ ಬಡವರು. ಹೇಯೋದಲ್ಲಿ ಸತ್ತ ಒಂದು ಲಕ್ಷ ಜನರಲ್ಲಿ ಹೆಚ್ಚಿನವರು ರಾಜ ಹೇಳಿದ ಅಂತ ಉಳುಮೆ ಬಿಟ್ಟು ಈಟಿ ಹಿಡಿದು ಬಂದ ರೈತರು. ತಳದವರಿಗಾಗಿ ಹುಟ್ಟಿದ ಸಿಟ್ಟು ತಳದವರನ್ನೇ ತಿಂದಿತು. ಆ ಊರುಗಳಲ್ಲಿ ಅವತ್ತು ಎಷ್ಟು ಮಕ್ಕಳು ಅನಾಥರಾಗಿರಬೇಕು! ಅವರಲ್ಲಿ ಎಷ್ಟು ಜನ ಬೀದಿಗೆ ಬಿದ್ದು ಇನ್ನೊಬ್ಬ ಕಾನ್‌ಕಿ ಆಗಿರಬೇಕು! ಅವನ ಕಷ್ಟ ಕೇಳಿದಾಗ ಹೊಟ್ಟೆ ಉರಿಯುತ್ತೆ ನಿಜ. ಆದರೆ ಹೊಟ್ಟೆ ಉರಿದ ಮಾತ್ರಕ್ಕೆ ಕಮಾನಿನಲ್ಲಿ ನೇತಾಡುತ್ತಿದ್ದವರನ್ನು ಮರೆಯಲು ಆಗಲ್ಲ. ಅವನಿಗೆ ಕಾರಣ ಇತ್ತು ಅನ್ನುವುದು ಬೇರೆ, ಅವನು ಮಾಡಿದ್ದು ಸರಿ ಅನ್ನುವುದು ಬೇರೆ. ಹಾರಾ ಮೊದಲನೆಯದನ್ನು ಕೊಟ್ಟರು. ಎರಡನೆಯದನ್ನು ನಾವೇ ಸೇರಿಸಿಕೊಳ್ಳುತ್ತಿದ್ದೇವೆ.

ಹಿ ಯುದ್ಧ ಶುರುವಾದಾಗಲೇ ಇತಿಹಾಸ ಗೊತ್ತಿದ್ದವರಿಗೆ ಎದೆ ಡವಡವ ಅನ್ನುತ್ತಿತ್ತು. ಹಿ ಅಂದರೆ ಚೀನೀ ಹೆಸರಿನಲ್ಲಿ ಫೇ, ಈಗಿನ ಹೆಬೈ ಪ್ರಾಂತ್ಯದ ಶಿಜಿಯಾಝುವಾಂಗ್ ನಗರದ ಹತ್ತಿರದ ಜಾಗ. ಕ್ರಿ.ಪೂ. 233ರಲ್ಲಿ ಅಲ್ಲಿ ಲಿ ಮು ಚಿನ್ ಸೈನ್ಯವನ್ನು ಮುರಿದ. ಈ ಗೆಲುವಿಗೆ ಅವನಿಗೆ 'ವೂಆನ್‌ನ ಪ್ರಭು' ಅನ್ನುವ ಬಿರುದು ಸಿಕ್ಕಿತು. ಸೋಲು ಗ್ಯಾರಂಟಿ ಅಂತ ಗೊತ್ತಿತ್ತು. ಆದರೆ ಸೋತ ಸೇನಾಪತಿ ಹುವಾನ್ ಯಿ ಏನಾದ ಅನ್ನುವುದರಲ್ಲಿ ಹಳೇ ಪುಸ್ತಕಗಳೇ ಒಂದು ಮಾತು ಹೇಳಲ್ಲ. 'ಶಿಜಿ'ಯ ಪ್ರಕಾರ ಲಿ ಮು ಅವನನ್ನು ಓಡಿಸಿದ. 'ಝಾನ್‌ಗುವೊ ತ್ಸೆ' ಅನ್ನುವ ಇನ್ನೊಂದು ಗ್ರಂಥದ ಪ್ರಕಾರ ಕೊಂದ. ಮೂರನೆಯ ಊಹೆಯೂ ಇದೆ. ಅವನು ಸೋತು, ರಾಜನಿಗೆ ಹೆದರಿ ಯಾನ್ ರಾಜ್ಯಕ್ಕೆ ಓಡಿಹೋದ, ಫಾನ್ ಯೂಚಿ ಅನ್ನುವ ಹೆಸರಿನಲ್ಲಿ ಬದುಕಿದ ಅಂತ. ಕ್ರಿ.ಪೂ. 227ರಲ್ಲಿ ಜಿಂಗ್ ಕೆ ಅನ್ನುವವನು ಚಿನ್ ರಾಜನನ್ನು ಕೊಲ್ಲಲು ಹೋದಾಗ ನಂಬಿಕೆ ಹುಟ್ಟಿಸಲು ಕೊಂಡೊಯ್ದದ್ದು ಇದೇ ಫಾನ್ ಯೂಚಿಯ ತಲೆಯನ್ನು. ಹಾರಾ ಈ ಊಹೆಯನ್ನು ತೆಗೆದುಕೊಳ್ಳಲಿಲ್ಲ. ಅವರ ಕಥೆಯಲ್ಲಿ ಫಾನ್ ಯೂಚಿ ಬೇರೆಯೇ ಮನುಷ್ಯ. ಕಾನ್‌ಕಿ ಓಡಿ ಬದುಕಬಹುದಿತ್ತು, ದಾಖಲೆಯಲ್ಲಿ ಅದಕ್ಕೆ ಜಾಗ ಇತ್ತು. ಹಾರಾ ಆ ಬಾಗಿಲು ಮುಚ್ಚಿದರು. ಸರಿಯಾಗಿಯೇ ಮಾಡಿದರು ಅಂತ ನನ್ನ ಅಭಿಪ್ರಾಯ. ಒಂದು ಲಕ್ಷ ತಲೆ ಕಡಿಸಿದವನು ಎಲ್ಲೋ ಹೆಸರು ಬದಲಾಯಿಸಿಕೊಂಡು ಬದುಕಿದ್ದಾನೆ ಅಂದಿದ್ದರೆ ನಾನು ಮಾಂಗಾ ಓದುವುದನ್ನೇ ಬಿಡುತ್ತಿದ್ದೆನೋ ಏನೋ.

ಸಾವಿನ ಹೊತ್ತಿನಲ್ಲೂ ಅವನು ಕಾನ್‌ಕಿಯೇ. ಸುತ್ತಲೂ ತನ್ನ ಸೈನ್ಯಕ್ಕಿಂತ ದುಪ್ಪಟ್ಟು ಜನ. ಅಂಥದ್ದರಲ್ಲಿ ತಪ್ಪಿಸಿಕೊಳ್ಳುವುದು ಬಿಟ್ಟು ನೇರ ರಿಬೊಕು ಇದ್ದಲ್ಲಿಗೇ ನುಗ್ಗುತ್ತಾನೆ. ಲೂಟಿಗೋಸ್ಕರ ಬಂದ ಅವನ ಜನ ಸೋಲು ಕಂಡರೆ ಓಡುವವರು ಅಂದುಕೊಂಡಿದ್ದೆವು. ಅವರು ಓಡಲಿಲ್ಲ. ಜೆನೋನಂಥ ರಾಕ್ಷಸ ಅವನಿಗಾಗಿ ಸತ್ತ. ನನಗೆ ಕಣ್ಣೀರು ಬಂದಿದ್ದು ಅಲ್ಲಿಯೇ. ಲೋಕ ಬೇಡ ಅಂದವರಿಗೆಲ್ಲ ಅವನು ಒಂದು ಮನೆ ಆಗಿದ್ದ. ಆ ಮನೆ ಕುಸಿಯಿತು.

ನಮ್ಮಜ್ಜಿ ನೆನಪಾದಳು. ಬಯಲಾಟದಲ್ಲಿ ದುರ್ಯೋಧನ ತೊಡೆ ಮುರಿದು ಬಿದ್ದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೆಳಗ್ಗೆ ಮನೆಗೆ ನಡೆದು ಬರುವಾಗ "ಪಾಪಿ, ಆ ಹೆಣ್ಣುಮಗಳ ಸೀರೆಗೆ ಕೈ ಹಾಕಿಸಿದ" ಅಂತ ಬೈಯುತ್ತಿದ್ದಳು. ಎರಡೂ ಅವಳೇ. ಎರಡೂ ನಿಜವೇ. ನಮ್ಮ ಹುಡುಗನಿಗೆ ಅವತ್ತು ಫೋನಿನಲ್ಲಿ ಇದನ್ನೇ ಹೇಳಬೇಕಿತ್ತು.

ಇನ್ನೊಂದು ವಿಷಯ. ಲಿ ಮುಗೆ ಸಿಕ್ಕ ಆ ಬಿರುದು ಮುಂಚೆ ಚಿನ್ ಸೇನಾಪತಿ ಬಾಯ್ ಚಿಗೆ ಇತ್ತು. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್‌ನಲ್ಲಿ ಶರಣಾದ ಝಾವ್ ಸೈನಿಕರನ್ನು ಕೊಲ್ಲಿಸಿದವನು ಅವನು. 4 ಲಕ್ಷ ಅಂತ ಹಳೇ ಲೆಕ್ಕ. 1995ರಲ್ಲಿ ಶಾನ್‌ಶಿ ಪ್ರಾಂತ್ಯದ ಯೋಂಗ್‌ಲು ಹಳ್ಳಿಯಲ್ಲಿ ಒಂದು ಗುಂಡಿ ಅಗೆದಾಗ ಸುಮಾರು 130 ಜನರ ಮೂಳೆಗಳು ಒಂದರ ಮೇಲೊಂದು ಸಿಕ್ಕವು. ಮಾಂಗಾದಲ್ಲಿ ಆ ಗುಂಡಿಯಿಂದ ಬದುಕಿ ಎದ್ದು ಬಂದವನು ಮಾನ್‌ಗೊಕು. ದೊಡ್ಡವನಾಗಿ ಚಿನ್ ಹಳ್ಳಿಗಳನ್ನು ಸುಟ್ಟು, ಮಕ್ಕಳನ್ನೂ ಬಿಡದೆ ಕೊಂದವನೂ ಅವನೇ. ಅವನಿಗೂ ಕಾರಣ ಇತ್ತು. ಹಾರಾ ಈ ಮಾತನ್ನು ಕಾನ್‌ಕಿಗಿಂತ ಎಷ್ಟೋ ಮುಂಚೆಯೇ ಹೇಳಿದ್ದರು, ನಾವು ಮರೆತೆವು.

ಭಾನುವಾರ ಹುಡುಗ ಮನೆಗೆ ಬಂದಿದ್ದ. ಊಟ ಆದ ಮೇಲೆ ಕೊಕುಯೋ ಬೆಟ್ಟದ ಅಧ್ಯಾಯ ತೆಗೆದು ಅವನ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಕಮಾನಿನ ಪುಟ ಬಂತು. "ಇದನ್ನ ಅವತ್ತು ಬೇಗ ಬೇಗ ದಾಟಿಸಿಬಿಟ್ಟಿದ್ದೆ ಮಾಮಾ" ಅಂದ. ಎರಡು ಬೆರಳಿನಿಂದ ಪುಟವನ್ನು ದೊಡ್ಡದು ಮಾಡಿದ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಂದೊಂದೇ ಮುಖ ನೋಡುತ್ತಾ ಹೋದ. ತುಂಬ ಹೊತ್ತು ನೋಡಿದ.

ಅವನ ಡಿಪಿ ಇನ್ನೂ ಕಾನ್‌ಕಿಯದೇ. ತೆಗಿ ಅಂತ ನಾನು ಹೇಳಿಲ್ಲ.