ಗೊರಬಲಿಗೂ ಸರಕಿಗೂ ತೂಕ ಒಂದೇ

ಶಿವಮೊಗ್ಗದ ಗೋಪಿ ಸರ್ಕಲ್ ಹತ್ರ ಈಗಷ್ಟೇ ಕಿವಿಗೆ ಬಿದ್ದ ಮಾತು. ಟೀ ಲೋಟ ಹಿಡಿದ ಒಬ್ಬ ಹುಡುಗ ಪಕ್ಕದವನಿಗೆ ಹೇಳ್ತಿದ್ದ: "ಒಂದು ಗಂಟೆ ಐವತ್ತು ನಿಮಿಷಕ್ಕೆ ಗೇಮ್ ಮುಗಿದೇ ಹೋಯ್ತು ಮಾರಾಯ. ರಿಫಂಡ್ ಹಾಕ್ದೆ, ಪೂರ್ತಿ ದುಡ್ಡು ವಾಪಸ್." ಪಕ್ಕದವನು ಭೇಷ್ ಅಂತ ಬೆನ್ನು ತಟ್ಟಿದ. ನನ್ನ ಟೀ ಅಲ್ಲೇ ಆರಿ ತಣ್ಣಗಾಯ್ತು.

ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್ ದುಡ್ಡು ವಾಪಸ್ ಕೊಡುತ್ತೆ. ನಿಜವಾಗಿ ಅದು ಉಪಯೋಗಕ್ಕೆ ಬರೋದು ನಿಮ್ಮ ಕಂಪ್ಯೂಟರಿನಲ್ಲಿ ಗೇಮ್ ಓಡುತ್ತೋ ಇಲ್ಲವೋ ನೋಡೋಕೆ. ಮೊದಲ ಅರ್ಧ ಗಂಟೆಯಲ್ಲೇ ಫ್ರೇಮ್ ಎಣಿಕೆ (ಸೆಕೆಂಡಿಗೆ ಪರದೆ ಮೇಲೆ ಎಷ್ಟು ಚಿತ್ರ ಬರುತ್ತೆ ಅನ್ನೋದು) ತೋರಿಸೋ ಆಯ್ಕೆ ಹಾಕಿ, ಜನಜಂಗುಳಿ ಇರೋ ಜಾಗಕ್ಕೆ ಹೋಗಿ, ಕ್ಯಾಮೆರಾ ಗಿರ್ರನೆ ತಿರುಗಿಸಿ. ತಡವರಿಸುತ್ತಾ? ಸಬ್‌ಟೈಟಲ್ ಓದೋಕಾಗುತ್ತಾ? ಕಂಟ್ರೋಲರಿನ ಎಲ್ಲ ಬಟನ್ ಕೆಲಸ ಮಾಡ್ತಾವಾ? ಮೆನು ತೆರೆದಿಟ್ಟು ಊಟಕ್ಕೆ ಹೋದರೂ ಆ 2 ಗಂಟೆಯ ಗಡಿಯಾರ ಓಡ್ತಾನೇ ಇರುತ್ತೆ, ನೆನಪಿರಲಿ. ಪೂರ್ತಿ ಆಡಿ ಮುಗಿಸಿ ರಿಫಂಡ್ ಕೇಳೋದು ಅಂದ್ರೆ ಬಾಳೆಎಲೆ ಬಳಿದು ನೆಕ್ಕಿದ ಮೇಲೆ "ಸಾರಿಗೆ ಉಪ್ಪು ಸಾಲದು" ಅಂದ ಹಾಗೆ.

ಆದ್ರೆ ಸಿಟ್ಟು ಬಂದಿದ್ದು ರಿಫಂಡಿಗಲ್ಲ. ಅದರ ಹಿಂದಿರೋ ಲೆಕ್ಕಕ್ಕೆ. ರೂಪಾಯಿಗೆ ಎಷ್ಟು ಗಂಟೆ? ಹೊಸ ಗೇಮಿನ ಬಗ್ಗೆ ಯಾರೇ ಮಾತೆತ್ತಲಿ, ಮೊದಲ ಪ್ರಶ್ನೆ "ಎಷ್ಟು ಗಂಟೆ ಇದೆ?" ಅಡಿಕೆ ಬೆಳೆಯೋ ಮನೆ ಹುಡುಗರೇ ಹೀಗೆ ಕೇಳ್ತಾರಲ್ಲ! ಶಿವಮೊಗ್ಗ ಎಪಿಎಂಸಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆ ಬೇರೆ ಬೇರೆ ದರಕ್ಕೆ ಯಾಕೆ ಹೋಗುತ್ತೆ? ಕ್ವಿಂಟಾಲ್ ಗೊರಬಲಿಗೂ ಕ್ವಿಂಟಾಲ್ ಸರಕಿಗೂ ತೂಕ ಒಂದೇ ಅಲ್ವಾ? ನಿಮ್ಮಪ್ಪನ ಹತ್ರ "ಎರಡೂ ಒಂದೇ ರೇಟಿಗೆ ಕೊಡಿ" ಅಂತ ಹೇಳಿ ನೋಡಿ.

ಗಂಟೆ ತುಂಬಿಸೋದು ಸುಲಭ. ಮ್ಯಾಪ್ ದೊಡ್ಡದು ಮಾಡು, ಅದರ ತುಂಬ ಚಿಹ್ನೆ ಚೆಲ್ಲು, ಮುಂದಿನ ಕಥೆಗೆ ಇಷ್ಟು ಲೆವೆಲ್ ಬೇಕು ಅಂತ ಬಾಗಿಲು ಹಾಕು. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿಯಲ್ಲಿ (2018) ಹಾಗೆ ಬಾಗಿಲು ಹಾಕಿದ್ದಲ್ಲದೆ, ಲೆವೆಲ್ ಬೇಗ ಏರೋಕೆ ಶೇ. 50ರಷ್ಟು ಹೆಚ್ಚು ಅಂಕ ಕೊಡೋ ಬೂಸ್ಟನ್ನ ಅದೇ ಆಟದ ಅಂಗಡಿಯಲ್ಲಿ ನಿಜದ ದುಡ್ಡಿಗೆ ಮಾರಿದ್ರು. ಗಂಟೆ ಕೂಡಿಸಿದ್ದಕ್ಕೂ ದುಡ್ಡು, ಕಳೆದಿದ್ದಕ್ಕೂ ದುಡ್ಡು. ಇದಕ್ಕೆ "ಪೈಸಾ ವಸೂಲ್" ಅಂತೀರಾ? ಹೌದು, ವಸೂಲೇ. ಯಾರಿಗೆ ಅನ್ನೋದು ಬೇರೆ ಮಾತು.

ಈಗ ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್ (2013) ನೋಡಿ. ಮೂರು ಗಂಟೆ ಆಸುಪಾಸಿನ ಆಟ. (ಆಡದೇ ಇರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಕಂಟ್ರೋಲರಿನ ಎಡಗಡೆ ಸ್ಟಿಕ್ (ನಡೆಸೋ ಕಡ್ಡಿ) ಮತ್ತು ಟ್ರಿಗರ್ (ಬೆರಳಲ್ಲಿ ಒತ್ತೋ ಗುಂಡಿ) ಅಣ್ಣನದು, ಬಲಗಡೆಯದು ತಮ್ಮನದು. ಇಬ್ಬರನ್ನೂ ಒಟ್ಟಿಗೆ ನಡೆಸಬೇಕು. ಮೊದಲು ಅರ್ಧ ಗಂಟೆ ಬೆರಳು ಗೊಂದಲಕ್ಕೆ ಬೀಳುತ್ತೆ. ತಮ್ಮನಿಗೆ ನೀರು ಅಂದ್ರೆ ಭಯ, ತಾಯಿ ಮುಳುಗಿದ್ದನ್ನ ಕಣ್ಣಾರೆ ಕಂಡವನು. ನೀರು ಸಿಕ್ಕಲ್ಲೆಲ್ಲ ಅಣ್ಣನ ಬೆನ್ನು ಹಿಡೀತಾನೆ. ಕೊನೆಗೆ ಅಣ್ಣ ಇಲ್ಲ. ಎಡಗೈಗೆ ಕೆಲಸವೇ ಇಲ್ಲ, ಸ್ಟಿಕ್ ಸುಮ್ಮನೆ ಬೆರಳಡಿಗೆ ಕೂತಿರುತ್ತೆ. ಎದುರಿಗೆ ಹೊಳೆ. ಬಲಗಡೆ ಟ್ರಿಗರ್ ಎಷ್ಟು ಒತ್ತಿದ್ರೂ ತಮ್ಮ ಇಳಿಯಲ್ಲ. ಆಗ ಎಡಗಡೆಯದನ್ನ, ಅಣ್ಣನದನ್ನ, ಒತ್ತಬೇಕು. ತಮ್ಮ ಈಜ್ತಾನೆ. ಅರ್ಥ ಆಗೋ ಮಾತು ಒಂದು ಸಾಲೂ ಇಲ್ಲ. ಕಾದಂಬರಿಯಾಗಲಿ ಸಿನಿಮಾ ಆಗಲಿ ಇದನ್ನ ಹೇಳೋಕಾಗಲ್ಲ, ಯಾಕಂದ್ರೆ ಕಥೆ ಇರೋದು ಪರದೆಯ ಮೇಲಲ್ಲ, ನಿಮ್ಮ ಎಡಗೈಯಲ್ಲಿ.

ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ (2017) ಇನ್ನೂ ಚಿಕ್ಕದು. ಅದರಲ್ಲಿ ಮೀನಿನ ಕಾರ್ಖಾನೆ ಕೆಲಸಗಾರ ಒಬ್ಬನಿದ್ದಾನೆ. ಬಲಗೈಯಲ್ಲಿ ಮೀನು ಎಳೆದು, ತಲೆ ಕತ್ತರಿಸಿ, ಆಚೆ ಎಸೀಬೇಕು. ಎಡಗೈಯಲ್ಲಿ ಅವನ ಹಗಲುಗನಸಿನ ರಾಜ್ಯದೊಳಗೆ ನಡೀಬೇಕು. ಮೊದಮೊದಲು ಕನಸು ಪರದೆಯ ಮೂಲೆಯಲ್ಲಿ ಇಷ್ಟೇ ಇಷ್ಟು. ಬೆಳೆದು ಬೆಳೆದು ಮೀನನ್ನೇ ಮುಚ್ಚಿಬಿಡುತ್ತೆ, ಆದರೂ ಬಲಗೈ ತನ್ನಷ್ಟಕ್ಕೆ ಕತ್ತರಿಸ್ತಾನೇ ಇರುತ್ತೆ. ಕೆಲಸ ಮಾಡ್ತಾ ಮನಸ್ಸು ಕಳೆದುಹೋಗೋದು ಹೇಗೆ ಅಂತ ವಿವರಿಸಲ್ಲ, ನಿಮ್ಮ ಕೈಯಲ್ಲೇ ಮಾಡಿಸುತ್ತೆ. ಹತ್ತು ಹದಿನೈದು ನಿಮಿಷದ ಆ ಭಾಗಕ್ಕೆ ಯಾವ ಗಂಟೆ ಲೆಕ್ಕ ಹಾಕ್ತೀರಿ?

"ಹಾಗಾದ್ರೆ ದೊಡ್ಡ ಗೇಮೆಲ್ಲ ಕಸವಾ?" ಅಂತ ಕಮೆಂಟ್ ಬರುತ್ತೆ, ಗೊತ್ತು. ಅಲ್ಲ ಸ್ವಾಮಿ. ದಿ ವಿಚರ್ 3 (2015) ಉದ್ದದ್ದೇ. ಅದರಲ್ಲಿ ಬ್ಯಾರನ್ ಸತ್ತು ಪಿಶಾಚಿಯಾದ ತನ್ನ ಕೂಸನ್ನ ಎತ್ಕೊಂಡು ರಾತ್ರಿ ನಡೆಯೋ ಜಾಗ ನೆನಪು ಮಾಡ್ಕೊಳ್ಳಿ. ಕೂಸು ಕೆರಳಿದಾಗ ಆಕ್ಸೀ ಮಂತ್ರ ಹಾಕಿ ಸಮಾಧಾನ ಮಾಡಬೇಕು, ಅಷ್ಟರಲ್ಲಿ ದೆವ್ವಗಳು ಮೈಮೇಲೆ ಬೀಳ್ತಾವೆ. ಅಲ್ಲಿಯವರೆಗೆ ಹೊಡೆದಾಟಕ್ಕೆ ಬಳಸಿದ ಮಂತ್ರವೇ ಜೋಗುಳ ಆಗುತ್ತೆ. ಆ ಗೇಮಿನ ಬೆಲೆ ಇರೋದು ಅಲ್ಲಿ, ಸ್ಕೆಲ್ಲಿಗೆ ಅನ್ನೋ ದ್ವೀಪಗಳ ಸುತ್ತ ಸಮುದ್ರದ ಮೇಲೆ ತೇಲೋ ಪ್ರಶ್ನೆ ಗುರುತುಗಳಲ್ಲಲ್ಲ. (ತಪ್ಪೊಪ್ಪಿಗೆ: ಆ ಗುರುತುಗಳಡಿಯ ಪೆಟ್ಟಿಗೆಗಳನ್ನ ನಾನೂ ಎಲ್ಲ ಎತ್ತಿದ್ದೀನಿ. ಒಂದೂ ನೆನಪಿಲ್ಲ.)

ಇನ್ನು "ಕಾಲೇಜು ಹುಡುಗರ ಜೇಬಲ್ಲಿ ದುಡ್ಡು ಎಲ್ಲಿರುತ್ತೆ, ಗಂಟೆ ನೋಡಲೇಬೇಕು" ಅನ್ನೋರು. ಒಪ್ಪಿದೆ, ಅರ್ಧ ನಿಮಿಷ. ಬರೀ ಗಂಟೆ ಬೇಕಿದ್ರೆ ಒಂದು ಕೇರಂ ಬೋರ್ಡ್ ತಗೊಳ್ಳಿ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ದುಡ್ಡು ಉಳಿಸೋದಾದ್ರೆ ವಿಶ್‌ಲಿಸ್ಟಿಗೆ ಹಾಕಿ ಸೇಲಿಗೆ ಕಾಯಿರಿ, ಬಿಡುಗಡೆ ದಿನವೇ ಕೊಳ್ಳಬೇಡಿ. ನಮ್ಮ ಕಡೆ ಇನ್ನೊಂದು ಖರ್ಚನ್ನ ಯಾರೂ ಎಣಿಸಲ್ಲ. ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಯಲ್ಲಿ 150 ಜಿಬಿ ಜಾಗ ಕೇಳುತ್ತೆ. ಅಷ್ಟೂ ಇಳಿಸೋಕೆ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಿ 75 ದಿನ. 40 ಎಂಬಿಪಿಎಸ್ ಫೈಬರ್ ಒಂದೇ ಸಮ ಸಿಕ್ಕಿದ್ರೂ ಎಂಟು ಗಂಟೆ ದಾಟುತ್ತೆ. ಆಗುಂಬೆ, ಹೊಸನಗರ ಕಡೆ ಮಳೆಗಾಲದಲ್ಲಿ ಎಂಟು ಗಂಟೆ ಒಂದೇ ಸಮ ಕರೆಂಟ್ ಇರೋದು ಯಾವ ಪುಣ್ಯಾತ್ಮರ ಮನೇಲಿ? ಮೇಲೆ ಹೇಳಿದ ಎರಡು ಚಿಕ್ಕ ಗೇಮ್ ಕೆಲವೇ ಜಿಬಿ.

ಕರೆಂಟ್ ವಿಷಯ ಬಂದಿದ್ದಕ್ಕೆ: 600 ವಿಎ (ಡಬ್ಬಿ ಮೇಲೆ ಬರೆದಿರೋ ಸಾಮರ್ಥ್ಯ) ಯುಪಿಎಸ್ ಅಂದ್ರೆ ಸುಮಾರು 360 ವ್ಯಾಟ್ ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡೀತಿರುವಾಗ ಕರೆಂಟ್ ಲೈನಿನ ಮೇಲೆ ಕೊಂಬೆ ಬಿದ್ರೆ ಯುಪಿಎಸ್ ಕಿರುಚಿ ತಾನೂ ಮಲಗಬಹುದು. ಫ್ರೇಮನ್ನ ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿ, ಕರೆಂಟ್ ಎಳೆತ ಕಡಿಮೆಯಾಗಿ ಸೇವ್ ಮಾಡಿ ಆರಿಸೋವಷ್ಟು ಹೊತ್ತು ಸಿಗುತ್ತೆ. ವಿಚರ್‌ನಲ್ಲಿ ಹೊಡೆದಾಟದ ಮಧ್ಯೆ ಸೇವ್ ಆಗಲ್ಲ, ಆದ್ದರಿಂದ ಹೊಡೆದಾಟಕ್ಕೆ ಮುಂಚೆಯೇ ಮಾಡಿಟ್ಕೊಳ್ಳಿ, ಪ್ರತಿ ಸಲ ಬೇರೆ ಸ್ಲಾಟಿನಲ್ಲಿ.

ಮಳೆಗಾಲದ ತಾಳಮದ್ದಳೆಗೆ ಹೋಗೋರು ವಾಲಿವಧೆಯ ಕಥೆ ಗೊತ್ತಿದ್ದೇ ಹೋಗ್ತಾರೆ. ವಾಲಿ ಇವತ್ತು ರಾಮನಿಗೆ ಎಂತ ಕೇಳ್ತಾನೆ ಅನ್ನೋದಷ್ಟೇ ಬೇಕು ಅವರಿಗೆ. "ಎಷ್ಟು ಗಂಟೆ ಇದೆ?" ಅಂತ ಕೇಳಿ ಚಾಪೆ ಮೇಲೆ ಕೂತವರನ್ನ ನಾನಂತೂ ಕಂಡಿಲ್ಲ.

ಈ ವಾರ ಬ್ರದರ್ಸ್ ಶುರು ಮಾಡೋರಿಗೆ ಒಂದು ಮಾತು. ಹಳೇ ಕಂಟ್ರೋಲರ್ ಆದ್ರೆ ಸ್ಟಿಕ್ ಒಳಗಿನ ಸವೆತದಿಂದ ಡ್ರಿಫ್ಟ್ (ಮುಟ್ಟದಿದ್ರೂ ಒಂದು ಕಡೆ ವಾಲೋದು) ಬಂದಿರಬಹುದು, ಆಗ ಅಣ್ಣ ನಿಮ್ಮ ಅಪ್ಪಣೆ ಇಲ್ಲದೆ ಗೋಡೆ ಕಡೆ ನಡೀತಾನೆ. ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗಿನಲ್ಲಿ ಡೆಡ್ ಝೋನ್ (ಸ್ಟಿಕ್ ಎಷ್ಟು ಅಲುಗೋವರೆಗೆ ಲೆಕ್ಕಕ್ಕಿಲ್ಲ ಅನ್ನೋದು) ಸ್ವಲ್ಪ ಏರಿಸಿ. ಹಾಗೇ ಎಡಗಡೆ ಟ್ರಿಗರ್ ಅಂಟಿಕೊಳ್ತಾ ಇದೆಯಾ ಅಂತ ಒತ್ತಿ ನೋಡಿ. ಕೊನೇಲಿ ಬೇಕಾಗುತ್ತೆ.