ಕುಮಾರ ಪರ್ವತ ಹತ್ತಿದ್ರೆ ರೂಪಿನ್ ಪಾಸ್‌ಗೂ ಸಾಕಾ?
ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದವರು ಹಿಮಾಲಯದ ಎತ್ತರದ ಕಣಿವೆದಾರಿಯಾದ ರೂಪಿನ್ ಪಾಸ್‌ಗೆ ಧೈರ್ಯವಾಗಿ ಹೋಗಬಹುದು ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಕುಮಾರ ಪರ್ವತ 1,712 ಮೀಟರ್, ರೂಪಿನ್ ಸುಮಾರು 4,650. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾಲಿನ ಶಕ್ತಿ ಬೇಕೇ ಬೇಕು, ಆದರೆ ಎತ್ತರದ ಕಾಯಿಲೆ ಫಿಟ್ ಇದ್ದವರನ್ನೂ ಬಿಡುವುದಿಲ್ಲ.

ರೂಪಿನ್ ಟ್ರೆಕ್‌ನಲ್ಲಿ ನಮ್ಮ ಜೊತೆ ಮ್ಯಾರಥಾನ್ ಓಡುವ ಗೆಳೆಯನಿದ್ದ. ದಾರಿಯಲ್ಲಿ ಸಿಗುವ ಜಲಪಾತದ ಮೇಲಿನ ಕ್ಯಾಂಪ್‌ನಲ್ಲಿ ಬೆಳಗ್ಗೆ ಬಗ್ಗಿ ಶೂ ಲೇಸ್ ಕಟ್ಟುತ್ತಾ ಮಧ್ಯದಲ್ಲೇ ನಿಲ್ಲಿಸಿ ಏದುಸಿರು ಬಿಟ್ಟ, ರಾತ್ರಿಯಿಂದ ತಲೆನೋವು ಇದ್ದರೂ ಯಾರಿಗೂ ಹೇಳಿರಲಿಲ್ಲ, ಆಮೇಲೆ ಕುಡಿದ ಚಹಾ ಪೂರ್ತಿ ವಾಂತಿ. ಗೈಡ್ ಕೂಡಲೇ ಕೆಳಗೆ ಕರೆದುಕೊಂಡು ಹೋದರು, ಸಂಜೆಗೆ ಸರಿಯಾದ.

ಹೊರಡುವ ಮುಂಚೆ 5 ಕಿ.ಮೀ. 40 ನಿಮಿಷದೊಳಗೆ ಓಡಲು ಆಗುತ್ತಾ ನೋಡಿ, ಬೆನ್ನಿಗೆ ಬ್ಯಾಗ್ ಹಾಕಿ ಮೆಟ್ಟಿಲು ಹತ್ತಿ ಇಳಿಯಿರಿ. ಅದಕ್ಕಿಂತ ಮುಖ್ಯ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದ ಪ್ಲಾನ್ ಆರಿಸಿಕೊಳ್ಳಿ. ಮೊದಲ ಸಲ ಆದರೆ ಉತ್ತರಾಖಂಡದ ಕೇದಾರಕಂಠದಂಥ, ರೂಪಿನ್‌ಗಿಂತ ಕಡಿಮೆ ಎತ್ತರದ ಟ್ರೆಕ್ ಮಾಡಿ ನಿಮ್ಮ ದೇಹ ಎತ್ತರದಲ್ಲಿ ಹೇಗಿರುತ್ತದೆ ಅಂತ ನೋಡಿಕೊಳ್ಳಿ. ತಲೆನೋವು ಬಂದರೆ ದಯವಿಟ್ಟು ಮುಚ್ಚಿಡಬೇಡಿ.